ಕಾಫಿ ಎಷ್ಟು, ಚಿಕೋರಿ ಎಷ್ಟು?

(ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ನಡೆಸುವವರು, ಕಾಫಿ ಪುಡಿ ಮಾರುವವರು, ಸಣ್ಣ ಅಂಗಡಿಯವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆಯುವಾಗ ಕೆಲವು ಕಡೆ ಕತ್ತರಿ ಹಾಕಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮದು ಪೇಟೆಯಲ್ಲಿ ಕಾಫಿ ಪುಡಿ ಅಂಗಡಿ. ಅಪ್ಪ ಹುರಿಯುತ್ತಿದ್ದರು, ನಾನು ಸ್ಕೂಲಿಂದ ಬಂದು ಪೊಟ್ಟಣ ಕಟ್ಟುತ್ತಿದ್ದೆ. ಈಗ ಅಂಗಡಿಯ ಜೊತೆಗೆ ಏಳೆಂಟು ಹೋಂಸ್ಟೇ ಮತ್ತು ಅಂಗಡಿಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳನ್ನೂ ನೋಡಿಕೊಳ್ಳುತ್ತೇನೆ. ಇವತ್ತಿನ ವಿಷಯ, ಪುಟದಲ್ಲಿ ನಮ್ಮ ಸ್ವಂತದ್ದು ಎಷ್ಟಿರಬೇಕು, ಬೇರೆಯವರದ್ದು ಎಷ್ಟು ಹಂಚಬೇಕು ಅಂತ. ಅದಕ್ಕೆ ನನಗೆ ಗೊತ್ತಿರುವ ದಾರಿಯಿಂದಲೇ ಬರುತ್ತೇನೆ. ಚಿಕೋರಿಯಿಂದ.

ಚಿಕೋರಿ ಅಂದರೆ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸುತ್ತಾರೆ. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿಯುತ್ತದೆ. ರೇಟೂ ಕಮ್ಮಿ ಬೀಳುತ್ತದೆ. ಆದರೆ ಅದರಲ್ಲಿ ಕೆಫೀನ್ ಇಲ್ಲ, ಕಾಫಿಯ ಘಮವೂ ಇಲ್ಲ. ಬೆರೆಸುವುದು ತಪ್ಪಲ್ಲ. ಕಾನೂನು ಮುಖ್ಯವಾಗಿ ಹೇಳುವುದು ಎರಡು ಮಾತು. ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟ್‌ಗಿಂತ ಕಮ್ಮಿ ಇರಬಾರದು. ಎಷ್ಟು ಕಾಫಿ, ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು.

ನೀವು ನಿಮ್ಮ ಪುಟಕ್ಕೆ ಹಾಕುವ ಸ್ವಂತ ವಿಷಯ ಕಾಫಿ. ಬೇರೆಯವರಿಂದ ತಂದು ಹಂಚುವುದು ಚಿಕೋರಿ. ಈ ಎರಡು ಮಾತನ್ನು ಮನಸ್ಸಲ್ಲಿ ಇಟ್ಟುಕೊಂಡು ಒಂದು ಸಣ್ಣ ಕೆಲಸ ಮಾಡೋಣ. ಎಲ್ಲರೂ ಫೋನ್ ತೆಗೆಯಿರಿ. ನಿಮ್ಮದೇ ಪುಟಕ್ಕೆ ಹೋಗಿ ಕೊನೆಯ ಹನ್ನೆರಡು ಪೋಸ್ಟ್ ನೋಡಿ. ಎಷ್ಟು ನಿಮ್ಮದು, ಎಷ್ಟು ತಂದದ್ದು, ಎಣಿಸಿ.

(ಇಲ್ಲಿ ಎರಡು ನಿಮಿಷ ಸಭೆಯಲ್ಲಿ ಬರೀ ನಗು. ಮುಂದಿನ ಸಾಲಿನ ಒಬ್ಬರು "ನಂದು ಪೂರ್ತಿ ಚಿಕೋರಿ" ಅಂದರು.)

ಏನೇನು ಸಿಕ್ಕಿತು ಅಂತ ಕೇಳಿದೆ. ಗುಡ್ ಮಾರ್ನಿಂಗ್. ಯಾರೋ ಡ್ರೋನ್‌ನಲ್ಲಿ ತೆಗೆದ ಮುಳ್ಳಯ್ಯನಗಿರಿ. ಕಾಫಿ ಕುಡಿದರೆ ಹತ್ತು ಲಾಭ. ವೀಕೆಂಡ್ ಆಫರ್. ಮತ್ತೆ ಡ್ರೋನ್. ಮತ್ತೆ ಆಫರ್. ಇನ್ನು ಹಬ್ಬದ ಶುಭಾಶಯ. ಗಣೇಶ ಹಬ್ಬದ ದಿನ ನನ್ನ ಫೋನ್‌ನಲ್ಲಿ ಒಂದೇ ಗಣಪತಿ ಬೆಳಗ್ಗೆಯಿಂದ ಸಂಜೆಯವರೆಗೆ ಬರುತ್ತಲೇ ಇರುತ್ತಾನೆ. ಅದೇ ಮೋದಕ, ಅದೇ ಇಲಿ. ಕೆಳಗಿರುವ ಅಂಗಡಿಯ ಹೆಸರು ಮಾತ್ರ ಬೇರೆ. ಶುಭಾಶಯ ಹೇಳಬೇಡಿ ಅಂತಲ್ಲ. ಆದರೆ ನಿಮ್ಮ ಅಂಗಡಿಯಲ್ಲೇ ಗಣಪತಿ ಕೂರಿಸಿದ್ದೀರಿ, ನಿಮ್ಮ ಹುಡುಗರೇ ಹೂವಿನ ಅಲಂಕಾರ ಮಾಡಿದ್ದಾರೆ. ಅದನ್ನು ಬಿಟ್ಟು ಎಲ್ಲಿಂದಲೋ ಇಳಿಸಿಕೊಂಡ ಗಣಪತಿ ಯಾಕೆ?

ಈಗ ಲೆಕ್ಕಕ್ಕೆ ಬರೋಣ. ಸ್ವಂತದ್ದು ಇಷ್ಟು, ಹಂಚುವುದು ಇಷ್ಟು ಅಂತ ಮಾರ್ಕೆಟಿಂಗ್‌ನವರು ತರಾವರಿ ಸೂತ್ರ ಹೇಳುತ್ತಾರೆ. ಹೆಚ್ಚು ಓಡಾಡುವುದು ಎರಡು. ಒಂದು 4-1-1. ಜೋ ಪುಲಿಜಿ ಮತ್ತು ಆಂಡ್ರ್ಯೂ ಡೇವಿಸ್ ಎಂಬ ಅಮೆರಿಕದ ಇಬ್ಬರ ಹೆಸರಿನಲ್ಲಿ ಹಬ್ಬಿದ್ದು. ನಿಮ್ಮ ಮಾರಾಟದ ಒಂದು ಮಾತು ಹೇಳುವ ಮುಂಚೆ ಬೇರೆಯವರ ಒಂದು ಟ್ವೀಟನ್ನು ಮುಂದೆ ಕಳಿಸಿ, ಬೇರೆಯವರು ಬರೆದ ಒಳ್ಳೆಯ ನಾಲ್ಕು ವಿಷಯ ಹಂಚಿ, ಅಂತ ಅದರ ಸಾರ. ಅದು ಹುಟ್ಟಿದ್ದು ಟ್ವಿಟರ್‌ಗೆ. ಬರಹದ ಲಿಂಕ್ ಹಂಚುವ ಜಾಗಕ್ಕೆ. ಮೂಡಿಗೆರೆ ಹತ್ತಿರ ಮೂರು ರೂಮಿನ ಹೋಂಸ್ಟೇ ಇಟ್ಟವರು ಅದನ್ನು ಹಾಗೇ ಎತ್ತಿಕೊಂಡು ಇನ್‌ಸ್ಟಾಗ್ರಾಂನಲ್ಲಿ ಆರರಲ್ಲಿ ಐದು ಬೇರೆಯವರ ರೀಲ್ ಹಾಕಿದರೆ ಕೆಟ್ಟಿತು.

ಎರಡನೆಯದು 80-20. ಈ ಹೆಸರು ಕೇಳಿದಾಗ ನನಗೆ ನಗು ಬಂದಿತ್ತು. ನಮ್ಮ ಅಂಗಡಿಗೆ ಬಂದವರು ದಿನಾ ಹೇಳುವ ಮಾತು ಅದು. "ಎಂಬತ್ತು ಇಪ್ಪತ್ತು ಕಾಲು ಕೆಜಿ ಕೊಡಪ್ಪ." ಎಂಬತ್ತು ಕಾಫಿ, ಇಪ್ಪತ್ತು ಚಿಕೋರಿ. ಮಾರ್ಕೆಟಿಂಗ್‌ನವರ 80-20 ಬೇರೆ. ನೂರರಲ್ಲಿ ಎಂಬತ್ತು ಪೋಸ್ಟ್ ಓದುವವರಿಗೆ ಉಪಯೋಗ ಆಗುವಂಥದ್ದು, ಇಪ್ಪತ್ತು ನಿಮ್ಮ ಮಾರಾಟದ್ದು. ಇದನ್ನು ನಮ್ಮವರು ಹೇಗೆ ಅರ್ಥ ಮಾಡಿಕೊಂಡರು ಗೊತ್ತಾ? ಎಂಬತ್ತು ಬೇರೆಯವರದ್ದು, ಇಪ್ಪತ್ತು ನಮ್ಮದು ಅಂತ! ಸೂತ್ರ ಆ ಮಾತು ಆಡಿಯೇ ಇಲ್ಲ. ಆ ಎಂಬತ್ತೂ ನಿಮ್ಮದೇ ಆಗಿರಬಹುದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಲ್ಲ ಗೋಜಲೂ ಇಲ್ಲೇ ಇದೆ. ಸ್ವಂತದ್ದಾ ತಂದದ್ದಾ ಎನ್ನುವುದು ಒಂದು ಪ್ರಶ್ನೆ. ಮಾರುವುದಕ್ಕಾ ಅಲ್ವಾ ಎನ್ನುವುದು ಇನ್ನೊಂದು. ಸ್ವಂತದ್ದು ಅಂದ ಕೂಡಲೇ ನಮ್ಮವರಿಗೆ ಆಫರ್ ನೆನಪಾಗುತ್ತದೆ. ರೂಮಿಗೆ ಇಷ್ಟು, ಪುಡಿ ಕೆಜಿಗೆ ಇಷ್ಟು. ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಅದನ್ನೇ ಹಾಕಿ ಹಾಕಿ ಬೇಜಾರಾದಾಗ, ಸರಿ ಏನಾದರೂ ಬೇರೆ ಹಾಕೋಣ ಅಂತ ಫಾರ್ವರ್ಡ್‌ಗೆ ಕೈ ಹಾಕುತ್ತಾರೆ. ನಡುವೆ ಇರುವ ದೊಡ್ಡ ಜಾಗ ಕಣ್ಣಿಗೇ ಬೀಳುವುದಿಲ್ಲ. ನಮ್ಮದೇ, ಆದರೆ ಏನನ್ನೂ ಮಾರದ ಮಾತು.

ಉದಾಹರಣೆಗೆ ನಮ್ಮ ಅಂಗಡಿಯ ಕೌಂಟರ್. ಒಬ್ಬ ಅಜ್ಜಿ ಬರುತ್ತಾರೆ. "ಪುಡಿ ಚೆನ್ನಾಗಿದೆ ಕಣಪ್ಪ, ಆದರೆ ಡಿಕಾಕ್ಷನ್ ಇಳಿಯೋದೇ ಇಲ್ಲ, ರಾತ್ರಿ ಹಾಕಿದ್ದು ಬೆಳಗ್ಗೆವರೆಗೂ ಮೇಲೇ ನಿಂತಿರುತ್ತೆ" ಅಂತಾರೆ. ಅಜ್ಜೀ, ಪುಡಿ ತುಂಬ ನೈಸ್ ಆಗಿದೆ, ಜೊತೆಗೆ ನೀವು ಫಿಲ್ಟರ್ ಒಳಗಿನ ಬಿಲ್ಲೆ ಒತ್ತಿ ಕೂರಿಸ್ತೀರಿ, ಸುಮ್ನೆ ಮೇಲಿಟ್ಟು ಬಿಡಿ, ಅಂತ ನಾನು ಹೇಳುತ್ತೇನೆ. ಇದೇ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ. ಒಂದು ದಿನ ನಮ್ಮ ಮನೆಯ ಹಳೇ ಹಿತ್ತಾಳೆ ಫಿಲ್ಟರ್ ತಂದು, ಬಿಲ್ಲೆ ಒತ್ತಿದ್ದೊಂದು, ಒತ್ತದ್ದೊಂದು, ಪಕ್ಕಪಕ್ಕ ಇಟ್ಟು ಫೋನ್‌ನಲ್ಲಿ ವಿಡಿಯೋ ಮಾಡಿದೆ. ಮ್ಯೂಸಿಕ್ ಇಲ್ಲ, ಏನಿಲ್ಲ. ಹಿಂದೆ ರಸ್ತೆಯ ಹಾರ್ನ್ ಕೇಳುತ್ತಿತ್ತು. ಅದರ ಕೆಳಗೆ ಬಂದಷ್ಟು ಮಾತು ನಾನು ಹಾಕಿದ ಯಾವ ಆಫರ್‌ಗೂ ಬಂದಿಲ್ಲ. ತಮ್ಮ ಮನೆಯ ಫಿಲ್ಟರ್ ಫೋಟೋ ಹಾಕಿದವರಿದ್ದಾರೆ. ನನಗೇ ತಿದ್ದುಪಡಿ ಹೇಳಿದವರಿದ್ದಾರೆ. ಮಗಳಿಗೆ ಕಳಿಸಲು ಪುಡಿ ಬೇಕು ಅಂತ ಬೆಂಗಳೂರಿನಿಂದ ಫೋನ್ ಮಾಡಿದವರಿದ್ದಾರೆ.

ಗಿರಾಕಿ ಕೇಳಿದ ಪ್ರಶ್ನೆ ಒಂದು ಪೋಸ್ಟ್. ಒಂದು ಪುಸ್ತಕ ಇಡಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ. ಕೇಳಿದ್ದನ್ನು ಬರೆದುಕೊಳ್ಳಿ. "ನಮ್ಮ ಹತ್ತಿರ ಹಾಕೋಕೆ ಏನೂ ಇಲ್ಲ ಸರ್" ಅನ್ನುವ ಮಾತು ಒಂದು ವಾರದಲ್ಲಿ ನಿಲ್ಲುತ್ತದೆ.

ಮಲೆನಾಡಿನವರಿಗಂತೂ ಹಾಗನ್ನುವ ಹಕ್ಕೇ ಇಲ್ಲ. ವರ್ಷವೇ ಬರೆದುಕೊಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಂತಾ ಬಂತಾ ಅಂತ ಬೆಳೆಗಾರರೆಲ್ಲ ಆಕಾಶ ನೋಡುತ್ತಿರುತ್ತಾರೆ. ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗೆ. ಆ ಬಿಳುಪು ಇರುವುದು ಎರಡು ಮೂರು ದಿನ. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು. ಎಷ್ಟು ಹೋಂಸ್ಟೇಯವರು ಆ ಮೂರು ದಿನದಲ್ಲಿ ಒಂದು ಫೋಟೋ ತೆಗೆದಿದ್ದೀರಿ? ಆಮೇಲೆ ಮಳೆಗಾಲ, ಕಳಲೆ, ಅಣಬೆ, ಒಲೆ ಮುಂದೆ ಒಣಗುವ ಬಟ್ಟೆ. ನವೆಂಬರ್‌ನಿಂದ ಅರೇಬಿಕಾ ಹಣ್ಣು ಕೊಯ್ಲು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು. ಕಣದಲ್ಲಿ ಒಣಗಲು ಹರಡಿದ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ಬಿಡಿಸದ ಕಾಫಿ ಬೀಜ. ಅಕಾಲದಲ್ಲಿ ಮೋಡ ಕಂಡರೆ ಟಾರ್ಪಾಲು ಹಿಡಿದು ಎಲ್ಲರೂ ಓಡುವುದು, ಊಟಕ್ಕೆ ಕೂತ ಗೆಸ್ಟ್ ಕೂಡ ಎದ್ದು ಬಂದು ಒಂದು ತುದಿ ಹಿಡಿಯುವುದು. ಇದನ್ನು ಯಾರ ಪುಟದಿಂದಲೂ ತರಲು ಆಗುವುದಿಲ್ಲ.

ಆದರೂ ತರುತ್ತಾರೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಗೆ, ಬಾಬಾಬುಡನ್‌ಗಿರಿ ಅರೇಬಿಕಾಗೆ ಭೌಗೋಳಿಕ ಗುರುತಿನ ಜಿಐ ಮಾನ್ಯತೆ ಸಿಕ್ಕಿತು. ನಮ್ಮೆಲ್ಲರ ಹೆಮ್ಮೆ. ಆ ಸುದ್ದಿಯನ್ನು ಒಂದು ಅಂಗಡಿ ಎಂಥ ಫೋಟೋ ಜೊತೆ ಹಾಕಿತ್ತು ಗೊತ್ತಾ? ಸಮತಟ್ಟು ನೆಲ, ಒಂದೂ ನೆರಳಿನ ಮರ ಇಲ್ಲ, ಸಾಲಾಗಿ ಗಿಡ, ನಡುವೆ ದೊಡ್ಡ ಮೆಷಿನ್. ಯಾವ ಊರಿನ ತೋಟ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾ? ನಮ್ಮಲ್ಲಿ ಸಿಲ್ವರ್ ಓಕ್ ಇಲ್ಲದೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇಲ್ಲದೆ ತೋಟದ ಫೋಟೋ ಬರುವುದೇ ಕಷ್ಟ. ಕೆಳಗೆ ಒಬ್ಬ ಬೆಳೆಗಾರರು ಒಂದೇ ಸಾಲು ಬರೆದಿದ್ದರು. "ಬ್ರೆಜಿಲ್ ಚೆನ್ನಾಗಿದೆ." ಎರವಲು ಒಡವೆ ಹಾಕಿಕೊಂಡು ಹೋದ ಮದುವೆಗೆ ಒಡವೆಯ ಯಜಮಾನಿಯೇ ಬಂದ ಹಾಗೆ. ಈಗ ಕಂಪ್ಯೂಟರ್ ಬರೆದುಕೊಡುವ ಚಿತ್ರಗಳ ಕಾಲ ಬೇರೆ. ಎಲೆ ಒಂದು ಗಿಡದ್ದು, ಹಣ್ಣು ಇನ್ನೊಂದರದ್ದು. ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಊರಿನವರ ನಗು ತಪ್ಪುವುದಿಲ್ಲ.

ಇನ್ನು ಕಂಪನಿಗಳ ಕಡೆಯ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. 2018ರ ಜನವರಿಯಲ್ಲಿ ಫೇಸ್‌ಬುಕ್ ಒಂದು ಬದಲಾವಣೆ ಹೇಳಿತು. ವ್ಯಾಪಾರದ ಪುಟಗಳಿಗಿಂತ ಗೆಳೆಯರ, ಮನೆಯವರ ಪೋಸ್ಟ್ ಮುಂದೆ ಬರುತ್ತದೆ ಅಂತ. ಪುಟ ಮಾಡಿಟ್ಟರೆ ಸಾಕು, ಜನ ನೋಡುತ್ತಾರೆ ಅನ್ನುವ ಕಾಲ ಅಲ್ಲಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂ ಇನ್ನೂ ನೇರವಾಗಿ ಹೇಳಿತು. ತಾವು ಮಾಡದ, ತಮ್ಮದೇನನ್ನೂ ಸೇರಿಸದ ಬೇರೆಯವರ ವಿಷಯವನ್ನು 30 ದಿನದಲ್ಲಿ ಹತ್ತು ಸಲವೋ ಅದಕ್ಕಿಂತ ಜಾಸ್ತಿಯೋ ಹಾಕುವ ಖಾತೆಯನ್ನು, ಅದನ್ನು ಫಾಲೋ ಮಾಡದವರಿಗೆ ನಾವಾಗಿ ತೋರಿಸುವುದಿಲ್ಲ ಅಂತ. ನಿಮ್ಮ ಹೋಂಸ್ಟೇಗೆ ಬೇಕಾಗಿರುವುದೇ ಇನ್ನೂ ನಿಮ್ಮ ಹೆಸರು ಕೇಳದವರು, ಅಲ್ವಾ? ಮೂರು ದಿನಕ್ಕೊಂದು ಡ್ರೋನ್ ವಿಡಿಯೋ ಎತ್ತಿ ಹಾಕಿದರೆ ತಿಂಗಳಿಗೆ ಹತ್ತಾಯಿತು.

ವಾಟ್ಸಾಪ್‌ನವರೂ ಅಷ್ಟೇ. 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂದರು. 2020ರ ಏಪ್ರಿಲ್‌ನಲ್ಲಿ, ತುಂಬ ಕೈ ದಾಟಿ ಬಂದ ಮೆಸೇಜಾದರೆ ಒಂದೇ ಕಡೆ ಅಂದರು. ಅದಕ್ಕೆ ಎರಡು ಬಾಣದ ಗುರುತು ಬೀಳುತ್ತದೆ. ಅದು ಚಿಕೋರಿ ಪ್ಯಾಕೆಟ್ ಮೇಲಿನ ಬರಹ ಇದ್ದ ಹಾಗೆ. ನೀವು ಹೇಳದಿದ್ದರೂ ಫೋನೇ ಹೇಳುತ್ತದೆ.

ಹಾಗಾದರೆ ಹಂಚುವುದೇ ಬೇಡವಾ? ಬೇಕು. ಬರೀ ತನ್ನದೇ ಹೇಳಿಕೊಳ್ಳುವ ಪುಟ, ಊಟದ ಹೊತ್ತಿನಲ್ಲಿ ತನ್ನ ಮಗನ ಸಂಬಳದ ವಿಷಯ ಬಿಟ್ಟು ಬೇರೆ ಮಾತಾಡದ ನೆಂಟನ ಹಾಗೆ. ಆದರೆ ಹಂಚುವುದರಲ್ಲಿ ಸ್ವಂತದ್ದಕ್ಕಿಂತ ಜಾಸ್ತಿ ಎಚ್ಚರ ಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಒಂದು ಜುಲೈ. ಮಳೆ ಶುರುವಾಗಿತ್ತು. ಬೆಳಗ್ಗೆ ಎದ್ದಾಗ ಒಂದು ಗ್ರೂಪಿನಲ್ಲಿ ಚಾರ್ಮಾಡಿ ಘಾಟಿಯ ವಿಡಿಯೋ ಬಂದಿತ್ತು. ಗುಡ್ಡ ಜಾರಿ ರಸ್ತೆ ಮೇಲೆ ಕೆಂಪು ಮಣ್ಣು. ಜನರಿಗೆ ಉಪಯೋಗ ಆಗುತ್ತದೆ ಅನ್ನಿಸಿತು. ನಾನು ನೋಡಿಕೊಳ್ಳುವ ಕೊಟ್ಟಿಗೆಹಾರ ಕಡೆಯ ಒಂದು ಹೋಂಸ್ಟೇ ಪುಟಕ್ಕೆ ಹಾಕಿದೆ. ಮೇಲೆ "ಎಚ್ಚರಿಕೆಯಿಂದ ಬನ್ನಿ" ಅಂತ ಬರೆದು ಕೈ ಮುಗಿಯುವ ಚಿತ್ರ ಬೇರೆ. ಹತ್ತು ಗಂಟೆಗೆ ಯಜಮಾನರ ಫೋನ್. "ಏನ್ ಮಾರಾಯ ಇದು! ನಾನು ಈಗಷ್ಟೇ ಉಜಿರೆಯಿಂದ ಅದೇ ದಾರಿಯಲ್ಲಿ ಬಂದೆ. ರಸ್ತೆ ಕ್ಲೀನಾಗಿದೆ. ಇಲ್ಲಿ ನೋಡಿದರೆ ಇಬ್ಬರು ಬುಕಿಂಗ್ ಕ್ಯಾನ್ಸಲ್ ಮಾಡಿದ್ದಾರೆ." ಆ ವಿಡಿಯೋ 2019ರ ಆಗಸ್ಟ್‌ನ ಮಳೆಯದ್ದು. ಆ ವರ್ಷ ಘಾಟಿ ನಿಜವಾಗಿಯೂ ಕುಸಿದು ರಸ್ತೆ ಮುಚ್ಚಿತ್ತು. ಅವತ್ತಿನಿಂದ ಪ್ರತಿ ಮಳೆಗಾಲಕ್ಕೂ ಅದು ಎದ್ದು ಬರುತ್ತದೆ. ತೆಗೆದುಹಾಕಿದೆ, ತಪ್ಪಾಯಿತು ಅಂತ ಬರೆದೆ. ಅಷ್ಟರಲ್ಲಿ ಪಕ್ಕದ ಹೋಂಸ್ಟೇಗೂ ಫೋನ್ ಹೋಗಿತ್ತು. ಅವರು ನನ್ನನ್ನು ಈಗಲೂ ಮಾತಾಡಿಸುತ್ತಾರೆ, ಆದರೆ ಮಳೆ ವಿಷಯ ಎತ್ತುವುದಿಲ್ಲ.

ಅವತ್ತು ನಾನು ಮಾಡಬೇಕಾಗಿದ್ದ ಕೆಲಸ ಐದು ನಿಮಿಷದ್ದು. ಯಜಮಾನರಿಗೇ ಒಂದು ಫೋನ್. "ರಸ್ತೆ ಹೇಗಿದೆ ಅಣ್ಣ?" ಅವರು ಹೇಳಿದ್ದನ್ನು ಅವರ ಗೇಟಿನ ಫೋಟೋ ಜೊತೆ ಹಾಕಿದ್ದರೆ ಅದು ಸ್ವಂತದ್ದೂ ಆಗುತ್ತಿತ್ತು, ಎಲ್ಲರಿಗಿಂತ ಮುಂಚಿನ ಸುದ್ದಿಯೂ ಆಗುತ್ತಿತ್ತು.

ಈಗ ನನ್ನ ಪದ್ಧತಿ ಹೀಗಿದೆ. ತಂದದ್ದರ ಮೇಲೆ ನನ್ನದು ಎರಡು ಸಾಲಾದರೂ ಇಲ್ಲದಿದ್ದರೆ ಹಾಕುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆಗೆ ಹೋಗುವ ಪ್ರವಾಸಿಗರ ಗಾಡಿಗಳಿಗೆ ಮುಂಚೆಯೇ ಆನ್‌ಲೈನ್ ನೋಂದಣಿ ಬಂತಲ್ಲ. ಆ ಪ್ರಕಟಣೆಯನ್ನು ಸುಮ್ನೆ ಎತ್ತಿ ಹಾಕಿದವರು ಎಷ್ಟೋ ಜನ. ಒಬ್ಬ ಹೋಂಸ್ಟೇ ಅಕ್ಕ ಅದರ ಮೇಲೆ ಹೀಗೆ ಬರೆದರು: "ನಮ್ಮಲ್ಲಿ ಉಳಿಯುವವರು ರೂಮ್ ಬುಕ್ ಮಾಡಿದ ದಿನವೇ ಇದನ್ನೂ ಮಾಡಿಕೊಳ್ಳಿ. ಬೆಳಗಿನ ಪಾಳಿಗೇ ಮಾಡಿ, ಮಧ್ಯಾಹ್ನ ಮಂಜು ಮುಚ್ಚಿದರೆ ಏನೂ ಕಾಣಲ್ಲ. ಫೋನ್‌ನಲ್ಲಿ ಬರದಿದ್ದರೆ ನನಗೆ ಹೇಳಿ, ಮಗ ಮಾಡಿಕೊಡ್ತಾನೆ." ಪ್ರಕಟಣೆ ಜಿಲ್ಲಾಡಳಿತದ್ದು. ಪೋಸ್ಟ್ ಪೂರ್ತಿ ಅಕ್ಕನದ್ದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಕೊಡುವ ಸಲಹೆ ಆಗಲಿ, ಹವಾಮಾನ ಇಲಾಖೆಯ ಮುನ್ಸೂಚನೆ ಆಗಲಿ, ಹೀಗೆಯೇ.

ಫೋಟೋ ವಿಷಯದಲ್ಲಿ ಒಂದು ಕಾನೂನಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ತೆಗೆದವರೇ ಫೋಟೋದ ಒಡೆಯರು. ಕೆಳಗೆ "ಕೃಪೆ" ಅಂತ ಹಾಕಿದರೆ ಅನುಮತಿ ಸಿಕ್ಕಿತು ಅಂತಲ್ಲ. ಕೇಳಬೇಕು. ದುಡ್ಡು ಕೊಟ್ಟು ನೀವೇ ತೆಗೆಸಿದ ಫೋಟೋ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿಮ್ಮದು. ಗೆಸ್ಟ್ ತೆಗೆದದ್ದು ಗೆಸ್ಟ್‌ದು, ನಿಮ್ಮ ಮನೆಯ ಮುಂದೆಯೇ ತೆಗೆದಿದ್ದರೂ. "ನಿಮ್ಮ ಫೋಟೋ ನಮ್ಮ ಪುಟಕ್ಕೆ ಹಾಕಬಹುದಾ?" ಅಂತ ಒಂದು ಮೆಸೇಜ್ ಮಾಡಿ. ಬೇಡ ಅಂದವರು ನನಗೆ ಇಲ್ಲಿಯವರೆಗೆ ಸಿಕ್ಕಿಲ್ಲ. ಇನ್‌ಸ್ಟಾಗ್ರಾಂನಲ್ಲಿ 2021ರಿಂದ ಇಬ್ಬರ ಹೆಸರಿನಲ್ಲೂ ಒಂದೇ ಪೋಸ್ಟ್ ಬರುವ ಕೊಲ್ಯಾಬ್ ಸೌಲಭ್ಯವೂ ಇದೆ. ಅವರ ಗೆಳೆಯರಿಗೂ ಕಾಣುತ್ತದೆ, ನಿಮ್ಮವರಿಗೂ ಕಾಣುತ್ತದೆ.

ಎಷ್ಟು ಅಂತ ಹೇಳಲೇಬೇಕು ಅಂದರೆ, ಪ್ಯಾಕೆಟ್ ಕಾನೂನೇ ನನ್ನ ಕಾನೂನು. ಅರ್ಧಕ್ಕಿಂತ ಕಮ್ಮಿ ಸ್ವಂತದ್ದು ಇರುವ ಪುಟ ನಿಮ್ಮದಲ್ಲ. ಅದಕ್ಕಿಂತ ಮೇಲೆ ನಿಮ್ಮ ಗಿರಾಕಿಯ ನಾಲಿಗೆ ನೋಡಿಕೊಳ್ಳಿ. ಹೋಂಸ್ಟೇಗೆ ನಾನು ಹತ್ತರಲ್ಲಿ ಏಳು ಸ್ವಂತ ಇಡುತ್ತೇನೆ. ಗೊಬ್ಬರ, ಔಷಧಿ ಅಂಗಡಿಗೆ ಹತ್ತರಲ್ಲಿ ಐದೂವರೆ ಸಾಕು, ಅವರ ಗಿರಾಕಿಗೆ ಬೇಕಾದದ್ದೇ ಇಲಾಖೆಯ ಮಾಹಿತಿ. ವಾರವಾರ ಎಣಿಸಬೇಡಿ, ತಲೆ ಕೆಡುತ್ತದೆ. ತಿಂಗಳ ಕೊನೆಗೆ ಒಂದು ಸಲ ನೋಡಿ. ಕೊಯ್ಲಿನ ತಿಂಗಳಲ್ಲಿ ಎರಡೇ ಪೋಸ್ಟ್ ಆದರೂ ಪರವಾಗಿಲ್ಲ. ತುಂಬಿಸಬೇಕು ಅಂತ ಗುಡ್ ಮಾರ್ನಿಂಗ್ ತರಬೇಡಿ.

ಕೊನೆಗೆ ಪ್ರಶ್ನೆಗಳು ಬಂದವು. ಎದುರಿನ ಅಂಗಡಿಯವರ ಪೋಸ್ಟ್ ಚೆನ್ನಾಗಿದ್ದರೆ ಹಂಚಬಹುದಾ ಅಂತ ಒಬ್ಬರು. ಧಾರಾಳವಾಗಿ, ಅಂದೆ. ನಮ್ಮಲ್ಲಿ ಸಿಗದ ಬಗೆಯ ಕಾಫಿ ಬೇಕು ಅಂದವರನ್ನು ನಾನು ಎದುರಿನ ಅಂಗಡಿಯವರಲ್ಲಿಗೇ ಕಳಿಸುತ್ತೇನೆ, ಅವರೂ ನನ್ನಲ್ಲಿಗೆ ಕಳಿಸುತ್ತಾರೆ. ಅಂಗಡಿಯಲ್ಲಿ ಮಾಡುವುದನ್ನು ಫೋನ್‌ನಲ್ಲಿ ಮಾಡಲು ಏನು ಅಡ್ಡಿ?

ಹಿಂದಿನ ಸಾಲಿನಿಂದ ಬೇಲೂರಿನ ಒಬ್ಬರು ಎದ್ದರು. ದೇವಸ್ಥಾನದ ಹತ್ತಿರ ಸಣ್ಣ ಲಾಡ್ಜ್ ಅವರದ್ದು. "2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ದೇವಸ್ಥಾನದ ಫೋಟೋ ಹಾಕದವರೇ ಇಲ್ಲ. ನನ್ನ ಫೋನ್‌ಗಿಂತ ಎಲ್ಲರ ಕ್ಯಾಮೆರಾನೂ ಚೆನ್ನಾಗಿದೆ. ನಾನೇನು ಹಾಕಲಿ ಸರ್?"

"ನಿಮ್ಮಲ್ಲಿ ಉಳಿದವರು ದೇವಸ್ಥಾನಕ್ಕೆ ಹೊರಟಾಗ ನೀವೇನು ಹೇಳ್ತೀರಿ?"

"ಏನಿಲ್ಲ. ಮಧ್ಯಾಹ್ನ ಆದರೆ ಸಾಕ್ಸ್ ಹಾಕ್ಕೊಂಡು ಹೋಗಿ ಅಂತೀನಿ. ಚಪ್ಪಲಿ ಹೊರಗೆ ಬಿಡಬೇಕಲ್ಲ, ಅಂಗಳದ ಕಲ್ಲು ಕಾಲು ಸುಡುತ್ತೆ. ಮಕ್ಕಳು ಅಳುತ್ತವೆ."

"ಅದನ್ನು ಎಲ್ಲಾದರೂ ಹಾಕಿದ್ದೀರಾ?"

"ಅದನ್ನೆಲ್ಲ ಯಾರು ನೋಡ್ತಾರೆ ಸರ್" ಅಂತ ನಕ್ಕು ಕೂತರು.

ಮೊನ್ನೆ ಸುಮ್ನೆ ಅವರ ಪುಟ ತೆಗೆದು ನೋಡಿದೆ. ಕಿಟಕಿ ಸರಳಿಗೆ ನೇತುಹಾಕಿದ ಒಂದು ಜೊತೆ ಸಾಕ್ಸ್. ಕೆಳಗೆ ಅವರದೇ ಮೂರು ಸಾಲು. ಹಿಂದೆ, ಸ್ವಲ್ಪ ಮಸುಕಾಗಿ, ಗೋಪುರ.